ಸಿ ವಲಯದ ಸಂಸಾರಿ

ಸಿನಿಮಾ ನೋಡುವುದಕ್ಕಿಂತ ನೋಡಿದ್ದೇನೆಂದು ಹೇಳಿಕೊಳ್ಳುವುದರಲ್ಲಿ ನನಗೆ ಮೊದಲಿಂದಲೂ ಆಸಕ್ತಿ ಹೆಚ್ಚು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ಬಗ್ಗೆ ಕಾಲೇಜು ದಿನಗಳಿಂದ ಮಾತಾಡುತ್ತಲೇ ಬಂದಿದ್ದೇನೆ. ಮದುವೆಮನೆ, ಗೃಹಪ್ರವೇಶ, ಒಮ್ಮೆ ವೈಕುಂಠ ಸಮಾರಾಧನೆಯ ಊಟದ ಪಂಕ್ತಿ, ಎಲ್ಲೂ ಬಿಟ್ಟಿಲ್ಲ. ಅಕ್ಕ ದುರ್ಗಾ, ತಮ್ಮ ಅಪು ಕೈ ಕೈ ಹಿಡಿದು ಬಿಳಿ ಹುಲ್ಲಿನ ಬಯಲಲ್ಲಿ ಓಡಿ ಹೋಗಿ ರೈಲು ನೋಡುವ ದೃಶ್ಯಕ್ಕೆ ಬಂದಾಗ ನನ್ನ ಗಂಟಲು ಕಟ್ಟುವುದು ನಿಜ. ಆದರೆ ಆ ದೃಶ್ಯವನ್ನು ನಾನು ನೋಡಿಲ್ಲ. ದೂರದರ್ಶನದಲ್ಲಿ ಆ ಸಿನಿಮಾ ಹಾಕಿದ ದಿನ, ರೈಲು ಬರುವ ಮೊದಲೇ ನಮ್ಮೂರಲ್ಲಿ ಕರೆಂಟು ಹೋಗಿತ್ತು. ಉಳಿದದ್ದೆಲ್ಲ ಬೇರೆಯವರ ಲೇಖನ ಓದಿ ಕಟ್ಟಿಕೊಂಡದ್ದು.

ಯಾರೂ ಇದನ್ನು ಪತ್ತೆ ಹಚ್ಚಿರಲಿಲ್ಲ. ಆಗುವುದು ಆದದ್ದು ಆಗ ಅಮೆರಿಕದಲ್ಲಿದ್ದ ನನ್ನ ಅಕ್ಕನ ಮಗನಿಂದ. ರಜೆಗೆ ಬಂದವನು, ‘ಮಾಮ, ನೀವು ಅಷ್ಟೊಂದು ಹೇಳ್ತಿರ್ತೀರಲ್ಲ, ನಿಮಗೇ ಅಂತ ತಂದೆ’ ಎಂದು ಒಂದು ದಪ್ಪ ಡಬ್ಬಿ ಕೈಗಿಟ್ಟ. ಅಪುವಿನ ಮೂರೂ ಸಿನಿಮಾ, ಬ್ಲೂ-ರೇ ಡಿಸ್ಕುಗಳಲ್ಲಿ.

ಆ ಸಿನಿಮಾಗಳು ಡಿಸ್ಕಿಗೆ ಬಂದ ಕಥೆಯೇ ಇನ್ನೊಂದು ಸಿನಿಮಾ ಆಗುವಂಥದ್ದು. 1993ರಲ್ಲಿ ಲಂಡನ್ನಿನ ಒಂದು ಫಿಲ್ಮ್ ಲ್ಯಾಬೊರೇಟರಿಗೆ ಬೆಂಕಿ ಬಿದ್ದು ಅವುಗಳ ಮೂಲ ನೆಗೆಟಿವ್ ಸುಟ್ಟವು. ಬೂದಿಯಾಗದೆ ಉಳಿದ ಮುರುಟು ಸುರುಳಿಗಳನ್ನು ಯಾರೋ ಪುಣ್ಯಾತ್ಮರು ಬಿಸಾಡದೆ ಎತ್ತಿಟ್ಟರು. ಎಷ್ಟೋ ವರ್ಷದ ಮೇಲೆ ಇಟಲಿಯ ಬೊಲೋನ್ಯಾದ ಪರಿಣತರು ಒಣಗಿ ಗರಿಗರಿಯಾಗಿದ್ದ ಆ ಫಿಲ್ಮಿಗೆ ತೇವ ಹಿಡಿಸಿ, ಹರಿದ ಅಂಚುಗಳನ್ನು ಕೈಯಿಂದ ಸರಿಮಾಡಿ, 4ಕೆ ಸ್ಕ್ಯಾನ್ ಮಾಡಿದರು. 2015ರಲ್ಲಿ ಅದು ಹೊಸ ರೂಪದಲ್ಲಿ ಹೊರಬಂತು. ಬೆಂಕಿ ದಾಟಿ ಬಂದ ಸಿನಿಮಾ ನಮ್ಮ ಮನೆಯ ಟಿವಿ ಸ್ಟ್ಯಾಂಡ್ ದಾಟಲಾರದೇ ಎಂದುಕೊಂಡೆ.

ಮನೆಯಲ್ಲಿ ಬ್ಲೂ-ರೇ ಪ್ಲೇಯರ್ ಇರಲಿಲ್ಲ. ಎಸ್‌ಪಿ ರೋಡಿಗೆ ಹೋಗಿ ತಂದೆ. ಬಿಚ್ಚಿ ನೋಡಿದರೆ ಹಿಂದುಗಡೆ ಕೆಂಪು, ಬಿಳಿ, ಹಳದಿ ತೂತುಗಳೇ ಇಲ್ಲ. ನಮ್ಮ ಗುಂಡು ಹೊಟ್ಟೆಯ ಟಿವಿಗೆ ಇದ್ದದ್ದು ಆ ಮೂರೇ. ಅಂಗಡಿಯವನು ತಲೆಗೆ ಟೋಪಿ ಹಾಕಿದನೆಂದು ಜಗಳಕ್ಕೆ ಹೋದೆ. ಅವನು ಗ್ರಾಹಕರ ಜಗಳ ಕೇಳಿ ಕೇಳಿ ಸಂತನಾಗಿದ್ದ. ‘ಸಾರ್, ಈಗ ಬರೋದೇ ಹಿಂಗೆ. ಹಳೇ ವೈರು ಹಾಕಂಗಿಲ್ಲ ಅಂತ ರೂಲ್ಸು’ ಎಂದ. ನಾನು ನಂಬಲಿಲ್ಲ. ಆಮೇಲೆ ಓದಿದರೆ ಅವನು ಹೇಳಿದ್ದು ಅಕ್ಷರಶಃ ಸತ್ಯ. ಹಳೆಯ ಅನಲಾಗ್ ತಂತಿಯಲ್ಲಿ ಹರಿಯುವ ಚಿತ್ರಕ್ಕೆ ಬೀಗ ಹಾಕಲಾಗದು, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಹಾಗಾಗಿ 2010ರ ನಂತರ ತಯಾರಾದ ಬ್ಲೂ-ರೇ ಪ್ಲೇಯರುಗಳು ಆ ತಂತಿಯಲ್ಲಿ ಹೈ-ಡೆಫಿನಿಷನ್ ಕೊಡಕೂಡದು, 2013ರ ನಂತರದವು ಆ ತಂತಿಯಲ್ಲಿ ಚಿತ್ರವನ್ನೇ ಕೊಡಕೂಡದು ಎಂದು ಬೀಗದ ವ್ಯವಸ್ಥೆ ಮಾಡಿದವರು ಕಟ್ಟಳೆ ಹಾಕಿದ್ದರು. ಇನ್ನು ಉಳಿದದ್ದು ಎಚ್‌ಡಿಎಂಐ ಒಂದೇ.

ಲಂಗೋಟಿಯನ್ನು ಇಲಿಯಿಂದ ಉಳಿಸಲು ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ಮೇಯಿಸಲು ಹೆಂಡತಿ ಎಂದು ಸನ್ಯಾಸಿಯೊಬ್ಬ ಸಂಸಾರಿಯಾದ ಕಥೆ ನಿಮಗೆ ಗೊತ್ತು. ನಾನು ಅದಾಗಲೇ ಸಂಸಾರಿಯಾಗಿದ್ದರಿಂದ ನೇರವಾಗಿ ಹಸುವಿನ ಹಂತಕ್ಕೆ ಹೋದೆ. ಬಿಟ್ಟಿಯಾಗಿ ಬಂದ ಡಿಸ್ಕಿಗಾಗಿ ಪ್ಲೇಯರ್, ಪ್ಲೇಯರಿಗಾಗಿ ಗೋಡೆಯಗಲದ ಟಿವಿ. ಅಷ್ಟು ದೊಡ್ಡ ಟಿವಿಗೆ ಅದರದೇ ಸಣ್ಣ ಸ್ಪೀಕರ್ ಸಾಲದೆಂದು ಅಂಗಡಿಯವನು ನೊಂದುಕೊಂಡು ಹೇಳಿದ್ದಕ್ಕೆ ಐದು ಸ್ಪೀಕರು, ಒಂದು ಊಫರು, ಅವನ್ನೆಲ್ಲ ಆಳಲು ಒಂದು ಆಂಪ್ಲಿಫೈಯರ್. ಎಲ್ಲವೂ ಮನೆಗೆ ಬಂದು ಕಂತು ಶುರುವಾದ ಮೇಲೆ ನನ್ನ ಮಗಳು ಡಿಸ್ಕಿನ ಡಬ್ಬಿಯ ಹಿಂಬದಿ ಓದಿ, ‘ಅಪ್ಪ, ಇದು ಮೋನೋ. ಒಂದೇ ಸ್ಪೀಕರ್ ಸಾಕು. ಪಿಕ್ಚರ್ ಕೂಡ ಚೌಕ, ಟಿವಿಯ ಎರಡೂ ಪಕ್ಕ ಖಾಲಿ ಇರುತ್ತೆ’ ಎಂದಳು. ಕಪ್ಪು-ಬಿಳುಪು ಎನ್ನುವುದನ್ನು ಅವಳು ಹೇಳಬೇಕಾಗಿರಲಿಲ್ಲ, ಅದು ನನಗೂ ಗೊತ್ತಿತ್ತು. ಟಿವಿ ಮಾತ್ರ ನೂರು ಕೋಟಿ ಬಣ್ಣ ತೋರಿಸುತ್ತದೆಂದು ಬರೆದುಕೊಂಡಿತ್ತು.

ಇಷ್ಟು ಖರ್ಚಾದ ಮೇಲೆ ಒಬ್ಬನೇ ನೋಡುವುದು ಹೇಗೆ? ಭಾನುವಾರ ಸಂಜೆಗೆ ಬೀದಿಯ ಆಪ್ತರನ್ನು ಕರೆದೆ. ನಿವೃತ್ತ ಫಿಸಿಕ್ಸ್ ಮೇಷ್ಟ್ರು, ಅವರ ಮನೆಯವರು, ನನ್ನ ಸೋದರತ್ತೆ, ಎದುರುಮನೆಯ ಬ್ಯಾಂಕಿನವರು. ಸಿನಿಮಾಕ್ಕೆ ಮೊದಲು ಹತ್ತು ನಿಮಿಷ ತಂತ್ರಜ್ಞಾನದ ಬಗ್ಗೆ ಮಾತಾಡುವುದೆಂದು ತಯಾರಿ ಮಾಡಿಕೊಂಡಿದ್ದೆ. ನನ್ನ ಜೀವಮಾನದಲ್ಲಿ ಯಾವ ಪರೀಕ್ಷೆಗೂ ಅಷ್ಟು ಓದಿಲ್ಲ.

‘ಈ ಡಿಸ್ಕಿನ ಜೀವಾಳ ನೀಲಿ ಲೇಸರ್’ ಎಂದು ಶುರು ಮಾಡಿದೆ. ಮೇಷ್ಟ್ರು ಕೈಯೆತ್ತಿದರು.

‘ತರಂಗದೂರ ಎಷ್ಟು ರೀ?’

‘405 ನ್ಯಾನೋಮೀಟರ್ ಸಾರ್.’

‘ಮತ್ತೆ ನೀಲಿ ಅಂತೀರಿ? ಅದು ನೇರಳೆ. ನೀಲಿ 450ರ ಮೇಲೆ ಬರುತ್ತೆ. ಮುಂದುವರಿಸಿ.’

ಮುಂದುವರಿಸಿದೆ. ಸಿಡಿ ಓದುವುದು 780 ನ್ಯಾನೋಮೀಟರಿನ, ಕಣ್ಣಿಗೆ ಸರಿಯಾಗಿ ಕಾಣದ ಅವಕೆಂಪು ಬೆಳಕು, ಡಿವಿಡಿಯದು 650ರ ಕೆಂಪು. ತರಂಗ ಸಣ್ಣದಾದಷ್ಟೂ ಬೆಳಕಿನ ಚುಕ್ಕಿಯನ್ನು ಸಣ್ಣದಾಗಿ ಕೂಡಿಸಬಹುದು, ಚುಕ್ಕಿ ಸಣ್ಣದಾದಷ್ಟೂ ಡಿಸ್ಕಿನ ಮೇಲಿನ ಕುಳಿಗಳನ್ನು ಒತ್ತೊತ್ತಾಗಿ ಕೊರೆಯಬಹುದು. ಡಿವಿಡಿಯ ಅತಿ ಸಣ್ಣ ಕುಳಿ 0.4 ಮೈಕ್ರಾನ್, ಇದರದು 0.15. ಸಾಲಿನಿಂದ ಸಾಲಿಗೆ ಅಂತರ 0.74ರಿಂದ 0.32ಕ್ಕೆ ಇಳಿದಿದೆ. ಅಂಗೈಯಗಲದ ಈ ತಟ್ಟೆಯಲ್ಲಿ ಸುರುಳಿ ಸುತ್ತಿದ ಆ ಒಂದೇ ಸಾಲನ್ನು ಬಿಡಿಸಿ ನೆಟ್ಟಗೆ ಹಾಸಿದರೆ ಸುಮಾರು 27 ಕಿಲೋಮೀಟರು, ಹುಬ್ಬಳ್ಳಿಯಲ್ಲಿ ಹಿಡಿದರೆ ಧಾರವಾಡ ದಾಟುತ್ತದೆ. ಇಲ್ಲಿ ಎಲ್ಲರೂ ‘ಹೌದೇ!’ ಎಂದರು. ನನಗೆ ಹುಮ್ಮಸ್ಸು ಬಂತು. ಮಸೂರದ ಅಪರ್ಚರ್ ಡಿವಿಡಿಯಲ್ಲಿ 0.60, ಇದರಲ್ಲಿ 0.85 ಎಂದೆ.

ಮೇಷ್ಟ್ರು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು. ತರಂಗದೂರವನ್ನು ಅಪರ್ಚರಿನಿಂದ ಭಾಗಿಸಿದರೆ ಚುಕ್ಕಿಯ ಅಳತೆ ಸಿಗುತ್ತದೆ. ಆ ಪ್ರಕಾರ ಬ್ಲೂ-ರೇ ಚುಕ್ಕಿ ಅಡ್ಡಳತೆಯಲ್ಲಿ ಎರಡೂಕಾಲು ಪಟ್ಟು ಸಣ್ಣದು, ವಿಸ್ತೀರ್ಣದಲ್ಲಿ ಐದು ಪಟ್ಟಿಗೂ ತುಸು ಹೆಚ್ಚು ಸಣ್ಣದು. ಡಿವಿಡಿಯ 4.7 ಜಿಬಿಯನ್ನು ಅದರಿಂದ ಗುಣಿಸಿ, ‘24 ಚಿಲ್ಲರೆ ಬರುತ್ತೆ. ಒಂದು ಪದರಕ್ಕೆ 25 ಅಂತಾರಲ್ಲ, ಬಾಕಿ ಎಲ್ಲಿಂದ ಬಂತು?’ ಎಂದು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಬಾಕಿ ನನ್ನ ಜೇಬಿನಿಂದ ಹೋಗಿದೆಯೋ ಎಂಬಂತೆ. ಜೇಬಿನಿಂದ ಹೋದದ್ದು ಬೇರೆ ಲೆಕ್ಕ.

ಆ ನೇರಳೆ ಬೆಳಕು ಸುಮ್ಮನೆ ಸಿಕ್ಕಿದ್ದಲ್ಲ. ಜಪಾನಿನ ತೊಕುಶಿಮಾದ ನಿಚಿಯಾ ಎಂಬ ಕಂಪನಿಯಲ್ಲಿ ಶುಜಿ ನಕಮುರಾ ಎಂಬಾತ, ದೊಡ್ಡ ದೊಡ್ಡ ಪ್ರಯೋಗಾಲಯಗಳು ಕೈಬಿಟ್ಟಿದ್ದ ಗ್ಯಾಲಿಯಂ ನೈಟ್ರೈಡ್ ಹಿಡಿದು ಕೂತು 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ಮಾಡಿದ, ಕೆಲವೇ ವರ್ಷಗಳಲ್ಲಿ ಅದೇ ವಸ್ತುವಿನಿಂದ ನೇರಳೆ ಲೇಸರನ್ನೂ ಹೊರಡಿಸಿದ. ಆ ಆವಿಷ್ಕಾರಕ್ಕೆ ಕಂಪನಿ ಕೊಟ್ಟ ಇನಾಮು 20 ಸಾವಿರ ಯೆನ್. ಆತ ಕೋರ್ಟಿಗೆ ಹೋದ. 2004ರಲ್ಲಿ ಕೆಳ ಕೋರ್ಟು 2,000 ಕೋಟಿ ಯೆನ್ ಕೊಡಿ ಎಂದಿತು, ಮರುವರ್ಷ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೋ ಜೊತೆ ನೊಬೆಲ್ ಬಂತು. ನಿವೃತ್ತಿಯ ಹಣಕ್ಕೆ ಇನ್ನೂ ಅಲೆಯುತ್ತಿದ್ದ ಮೇಷ್ಟ್ರಿಗೆ ಈ ಭಾಗ ಬಹಳ ಹಿಡಿಸಿತು. ಕೋರ್ಟಿನ ವಿಷಯವನ್ನು ಎರಡನೇ ಸಲ ಹೇಳಿಸಿಕೊಂಡರು.

ಅಷ್ಟರಲ್ಲಿ ಸೋದರತ್ತೆ ಡಬ್ಬಿಯಿಂದ ಡಿಸ್ಕ್ ತೆಗೆದು, ಕೋಡುಬಳೆ ಹಿಡಿದಿದ್ದ ಕೈಯಲ್ಲೇ ತಿರುಗಿಸಿ ನೋಡಿ, ‘ಇದರಲ್ಲಿ ಸಿನಿಮಾ ಯಾವ ಕಡೆ ಇದೆಯೋ?’ ಎಂದರು. ನನ್ನ ಎದೆ ಧಸಕ್ಕೆಂದಿತು. ಮಸೂರ ಅಷ್ಟು ಅಗಲವಾದಾಗ ಡಿಸ್ಕ್ ಕೊಂಚ ವಾಲಿದರೂ ಚುಕ್ಕಿ ಕದಡಿಹೋಗುತ್ತದೆ, ಆದ್ದರಿಂದ ಕುಳಿಗಳನ್ನು ಮೇಲ್ಮೈಗೆ ತೀರಾ ಹತ್ತಿರ ತಂದಿದ್ದಾರೆ. ಸಿಡಿಯಲ್ಲಿ 1.2 ಮಿಲಿಮೀಟರ್ ಪ್ಲಾಸ್ಟಿಕ್ಕಿನ ಕಾವಲು, ಡಿವಿಡಿಯಲ್ಲಿ 0.6, ಇದರಲ್ಲಿ ಬರೀ 0.1. ಶುರುವಿನಲ್ಲಿ ಗೀರು ಬೀಳುವ ಹೆದರಿಕೆಗೆ ಡಿಸ್ಕನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೇ ಕೂಡಿಹಾಕಿ ಮಾರುತ್ತಿದ್ದರು. 2004ರಲ್ಲಿ ಟಿಡಿಕೆಯವರು ಗಟ್ಟಿ ಲೇಪನ ಕಂಡುಹಿಡಿದ ಮೇಲೆ ಪೆಟ್ಟಿಗೆ ಬಿಟ್ಟುಹೋಯಿತು. ಆ ಲೇಪನವನ್ನು ಕೋಡುಬಳೆಯ ಎಣ್ಣೆಗೂ ಪರೀಕ್ಷೆ ಮಾಡಿದ್ದರೋ ಏನೋ, ಪಂಚೆಯ ತುದಿಯಲ್ಲಿ ಒರೆಸಿದರೆ ಹೋಯಿತು. ಇಡೀ ಸಂಜೆಯಲ್ಲಿ ಹೇಳಿದ ಹಾಗೆ ಕೆಲಸ ಮಾಡಿದ ತಂತ್ರಜ್ಞಾನ ಅದೊಂದೇ.

ಡಿಸ್ಕ್ ಹಾಕಿದೆ. ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ‘ಆರ್ಟ್ ಫಿಲ್ಮ್ ಅಲ್ವಾ, ಹಿಂಗೇ ಶುರುವಾಗುತ್ತೆ’ ಎಂದು ಬ್ಯಾಂಕಿನವರು ಗಂಭೀರವಾಗಿ ಕೂತರು. ನಾನೂ ಹೌದೆಂದು ತಲೆಯಾಡಿಸಿದೆ. ಮಗಳು ಎದ್ದು ಹಿಂದೆ ಹೋಗಿ ನೋಡಿ, ಆಂಪ್ಲಿಫೈಯರ್ ತಕರಾರು ಎಂದಳು. ಪ್ಲೇಯರಿನಿಂದ ಟಿವಿಗೆ ಹೋಗುವ ಚಿತ್ರ ಗೂಢಲಿಪಿಯಲ್ಲಿ ಹರಿಯುತ್ತದೆ. ಹೊರಡುವ ಮುನ್ನ ಎರಡೂ ಕಡೆಯ ಯಂತ್ರಗಳು ಪರಸ್ಪರ ಕುಲಗೋತ್ರ ವಿಚಾರಿಸಿಕೊಳ್ಳುತ್ತವೆ, ನಡುವೆ ನಿಂತವನ ಜಾತಕ ಕೂಡದಿದ್ದರೆ ಪರದೆಯ ಮೇಲೆ ಏನೂ ಬಾರದು. ಆಂಪ್ಲಿಫೈಯರನ್ನು ಪಂಕ್ತಿಯಿಂದ ಎಬ್ಬಿಸಿ ನೇರವಾಗಿ ಟಿವಿಗೆ ಸಿಕ್ಕಿಸಿದಳು. ಐದು ಸ್ಪೀಕರುಗಳು ಅಲ್ಲಿಗೆ ಗೃಹಾಲಂಕಾರ ವಸ್ತುಗಳಾದವು.

ಈಗ ಅಕ್ಷರಗಳು ಮೂಡಿದವು. ಪ್ಲೇಯರಿನ ಸಾಫ್ಟ್‌ವೇರ್ ಹಳೆಯದು, ಹೊಸದನ್ನು ಹಾಕಿಕೊಳ್ಳಿ. ಎಸ್‌ಪಿ ರೋಡಿನಿಂದ ಮನೆಗೆ ಬಂದು ವಾರವೂ ಸರಿಯಾಗಿ ಕಳೆಯದ ಯಂತ್ರ! ಮಗಳು ಫೋನಿನ ಇಂಟರ್ನೆಟ್ ಜೋಡಿಸಿ ಕೆಲಸ ಶುರು ಮಾಡಿದಳು. ಇಳಿಯುತ್ತಿದ್ದ ಶೇಕಡಾವಾರು ಲೆಕ್ಕ ನೋಡುತ್ತ ಕೂತ ಸಭಿಕರಿಗೆ ನಾನು ಅದರ ಹಿನ್ನೆಲೆ ಹೇಳಿದೆ. ಒಂದೊಂದು ಹೊಸ ಡಿಸ್ಕಿನ ಜೊತೆಗೂ ಬೀಗದ ಹೊಸ ಪಟ್ಟಿ ಬರುತ್ತದೆ, ಗುಟ್ಟು ರಟ್ಟಾದ ಪ್ಲೇಯರುಗಳ ಕೀಲಿಯನ್ನು ಅದು ರದ್ದು ಮಾಡಬಲ್ಲದು. 2007ರಲ್ಲಿ ಅಂಥ ಒಂದು ಕೀಲಿ ಹೊರಗೆ ಬಿತ್ತು. ಅದೊಂದು 32 ಅಕ್ಷರಾಂಕಗಳ ಸಾಲು. ಅಳಿಸಿಹಾಕಿ ಎಂದು ವಕೀಲರು ನೋಟಿಸು ಕೊಟ್ಟಷ್ಟೂ ಜನ ಅದನ್ನು ಹರಡಿದರು, ಟೀ ಶರ್ಟಿನ ಮೇಲೆ ಅಚ್ಚು ಹಾಕಿದರು, ರಾಗ ಹಾಕಿ ಹಾಡಿದರು.

‘ನಮ್ಮನೆ ಬೀರುವಿನ ಕೀ ಕಳೆದುಹೋದಾಗ ಯಾರೂ ಹಾಡಲಿಲ್ಲಪ್ಪ’ ಎಂದರು ಸೋದರತ್ತೆ.

ಪರದೆಯ ಮೇಲೆ ಇನ್ನೊಂದು ಎಚ್ಚರಿಕೆ ಬಂತು: ಮುಗಿಯುವವರೆಗೆ ವಿದ್ಯುತ್ ಕಡಿಯಬೇಡಿ, ಕಡಿದರೆ ಯಂತ್ರ ಕೆಡಬಹುದು. ಬೆಂಗಳೂರಿನಲ್ಲಿ ಹೀಗೆ ಹೇಳುವುದೆಂದರೆ ಮಳೆಗೆ ಬರಬೇಡ ಎಂದ ಹಾಗೆಯೇ. ಎಲ್ಲರೂ ಉಸಿರು ಬಿಗಿಹಿಡಿದು ಟ್ಯೂಬ್‌ಲೈಟ್ ನೋಡುತ್ತ ಕೂತೆವು. ಆ ಮೌನ ತುಂಬಲು ನಾನು ಎಚ್‌ಡಿ ಡಿವಿಡಿಯ ಯುದ್ಧ ಎತ್ತಿಕೊಂಡೆ. ತೋಷಿಬಾದವರ ಎದುರಾಳಿ ಡಿಸ್ಕಿನಲ್ಲೂ ಅದೇ ನೇರಳೆ ಲೇಸರ್, ಆದರೆ ಕಾವಲು ಪದರ ಡಿವಿಡಿಯಂತೆ 0.6 ಮಿಲಿಮೀಟರೇ, ಹಳೆಯ ಕಾರ್ಖಾನೆಯಲ್ಲೇ ಅಗ್ಗವಾಗಿ ಒತ್ತಬಹುದು. ಹಿಡಿಸುವುದು ಮಾತ್ರ ಪದರಕ್ಕೆ 15 ಜಿಬಿ. 2006ರಲ್ಲಿ ಎರಡೂ ಮಾರುಕಟ್ಟೆಗಿಳಿದವು. ಆ ವರ್ಷದ ಕೊನೆಗೆ ಬಂದ ಪ್ಲೇಸ್ಟೇಷನ್ 3ರ ಹೊಟ್ಟೆಯಲ್ಲಿ ಸೋನಿಯವರು ಬ್ಲೂ-ರೇ ಇಟ್ಟುಬಿಟ್ಟರು, ಮಕ್ಕಳ ಆಟದ ಸಾಮಾನಿನ ಮರೆಯಲ್ಲಿ ಅದು ಮನೆಮನೆ ಹೊಕ್ಕಿತು. 2008ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಬ್ಲೂ-ರೇ ಪಕ್ಷಕ್ಕೆ ಬಂತು, ಫೆಬ್ರುವರಿ 19ಕ್ಕೆ ತೋಷಿಬಾ ಸೋಲೊಪ್ಪಿತು. ನಾನು ಗೆದ್ದ ಕಡೆಯವನು ಎಂಬ ಠೀವಿಯಲ್ಲಿ ಇದನ್ನು ಹೇಳಿ ಮುಗಿಸಿದೆ.

ಕರೆಂಟು ಹೋಗಲಿಲ್ಲ. ಹೋಗಿದ್ದರೆ ಮಾನ ಉಳಿಯುತ್ತಿತ್ತು.

ಸಾಫ್ಟ್‌ವೇರ್ ಹೊಸದಾಯಿತು. ಡಿಸ್ಕ್ ಗಿರ್ರೆಂದಿತು. ಪರದೆಯ ಮೇಲೆ ಬಂದ ಮಾತಿನ ಸಾರ ಇಷ್ಟು: ಈ ಡಿಸ್ಕ್ ಎ ವಲಯದ್ದು, ಈ ಪ್ಲೇಯರ್ ಸಿ ವಲಯದ್ದು, ಆಡಲಾಗದು.

ಬ್ಲೂ-ರೇ ಪಂಡಿತರು ಭೂಮಂಡಲವನ್ನು ಮೂರು ಪಾಲು ಮಾಡಿದ್ದಾರೆ. ಎ ಎಂದರೆ ಅಮೆರಿಕ ಖಂಡಗಳು, ಜಪಾನ್, ಕೊರಿಯಾ ಮತ್ತು ಆ ಕಡೆಯವರು. ಬಿ ಎಂದರೆ ಯುರೋಪು, ಆಫ್ರಿಕಾ, ಆಸ್ಟ್ರೇಲಿಯಾ. ಮಿಕ್ಕವರು ಸಿ, ಅಂದರೆ ನಾವು, ಚೀನಾ, ರಷ್ಯಾ. ಡಿವಿಡಿ ಕಾಲದಲ್ಲಿ ನಾವು 5ನೇ ವಲಯದವರಾಗಿದ್ದೆವು. 5ರಿಂದ 3ಕ್ಕೆ ಬಂದದ್ದು ಪ್ರಗತಿಯೇ ಇರಬೇಕು. ಇದನ್ನೆಲ್ಲ ನಾನು ಓದಿರಲಿಲ್ಲವೇ? ಓದಿದ್ದೆ. ಉಪನ್ಯಾಸದ ಟಿಪ್ಪಣಿಯ ಕೊನೆಯ ಹಾಳೆಯಲ್ಲಿ ನನ್ನದೇ ಕೈಬರಹದಲ್ಲಿ ‘ವಲಯ: ಎ, ಬಿ, ಸಿ (ಸಮಯವಿದ್ದರೆ)’ ಎಂದಿತ್ತು.

ಪಶ್ಚಿಮ ಬಂಗಾಳ ಸರ್ಕಾರದ ದುಡ್ಡಿನಲ್ಲಿ, ಬಂಗಾಳದ ಹಳ್ಳಿಯಲ್ಲಿ, ರವಿಶಂಕರ್ ಸಿತಾರಿನೊಡನೆ ತಯಾರಾದ ಸಿನಿಮಾವನ್ನು ಭಾರತದ ಪ್ಲೇಯರ್ ನೋಡಗೊಡುವುದಿಲ್ಲ! ನಾನು ಎದ್ದು ನಿಂತು ಸಾಮ್ರಾಜ್ಯಶಾಹಿಯನ್ನು ಖಂಡಿಸಿದೆ. ‘ಆ ಸಿನಿಮಾ ಮೊದಲು ತೋರಿಸಿದ್ದೂ ನ್ಯೂಯಾರ್ಕಲ್ಲೇ ಅಲ್ವೇನ್ರೀ, 1955ರಲ್ಲಿ? ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟಲ್ಲಿ. ಕಲ್ಕತ್ತಕ್ಕೆ ಬಂದದ್ದು ಆಮೇಲೆ’ ಎಂದರು ಮೇಷ್ಟ್ರು. ಅವರು ಹೇಳಿದ್ದು ಸರಿ, ಅದೇ ಬೇಸರ.

ಬಂದವರನ್ನು ಬರೀ ಕೋಡುಬಳೆ ಕೊಟ್ಟು ಕಳಿಸಲಾಗದೆ ನನ್ನಾಕೆ ಬೀರುವಿನಿಂದ ನಮ್ಮ ಮದುವೆಯ ಡಿವಿಡಿ ತಂದಳು. ಬ್ಲೂ-ರೇ ಪ್ಲೇಯರಿನಲ್ಲಿ ಕೆಂಪು ಲೇಸರೂ ಇರುತ್ತದೆ, ಹಳೆಯ ಡಿವಿಡಿಗಳನ್ನೂ ಅದು ಓದುತ್ತದೆ. ವಲಯ ಗಿಲಯ ಕೇಳದೆ ಮದುವೆ ಥಟ್ಟನೆ ಶುರುವಾಯಿತು. ಯಾವುದೋ ಹಳೆಯ ಟೇಪಿನಿಂದ ಇಳಿಸಿದ್ದು, ಆ ದೈತ್ಯ ಪರದೆಯ ಮೇಲೆ ನನ್ನ ಮುಖ ರಂಗೋಲಿ ಚುಕ್ಕಿಗಳಲ್ಲಿ ಹರಡಿತ್ತು. ತಲೆ ತುಂಬ ಕೂದಲಿದ್ದವನು ಯಾರು ಎಂದು ಬ್ಯಾಂಕಿನವರು ಕೇಳಿದರು. ಜನ ಬಹಳ ಖುಷಿಪಟ್ಟರು, ರಾತ್ರಿ ಊಟಕ್ಕೂ ನಿಂತರು.

ಡಿಸ್ಕನ್ನು ಬಿಡಿಸುವ ಪ್ರಯತ್ನ ನಾನು ಬಿಡಲಿಲ್ಲ. ರಿಪೇರಿಯವನ ಹತ್ತಿರ ಹೋದೆ. ‘ಡಿವಿಡಿ ಆಗಿದ್ರೆ ರಿಮೋಟಲ್ಲೇ ನಂಬರ್ ಒತ್ತಿ ಲಾಕ್ ಬಿಚ್ತಿದ್ದೆ ಸಾರ್. ಬ್ಲೂ-ರೇಗೆ ಒಳಗೆ ಬೋರ್ಡಿಗೆ ಕೈ ಹಾಕ್ಬೇಕು, ಹೋದ್ರೆ ಹೋಯ್ತು’ ಎಂದ. ಕೈ ಹಾಕಬೇಡ ಎಂದೆ. ಅಕ್ಕನ ಮಗನಿಗೆ ಹೇಳಿದರೆ, ‘ಮಾಮ, ಇಲ್ಲಿಯ ಪ್ಲೇಯರ್ ಒಂದು ಕಳಿಸ್ಲಾ?’ ಎಂದ. ಅಮೆರಿಕದ ಪ್ಲೇಯರ್ ಅಲ್ಲಿಯ 120 ವೋಲ್ಟಿನದು, ಇಲ್ಲಿಯ 230ಕ್ಕೆ ಸಿಕ್ಕಿಸಿದರೆ ಸಿನಿಮಾದ ಜೊತೆ ಹೊಗೆಯೂ ಬರಬಹುದು. ಮುನ್ನೆಚ್ಚರಿಕೆಯಾಗಿ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡು ಇಟ್ಟೆ. ಅಷ್ಟರಲ್ಲಿ ಹುಡುಗ ಕೆಲಸ ಬದಲಿಸಿ ಲಂಡನ್ನಿಗೆ ಹೋದ. ಅದು ಬಿ ವಲಯ.

ಸೋದರತ್ತೆ ಮಾತ್ರ ಮರುದಿನವೇ ಮಗಳ ಫೋನಿನಲ್ಲಿ ಎಲ್ಲಿಂದಲೋ ಸಿನಿಮಾ ಹಾಕಿಸಿಕೊಂಡು, ಅಂಗೈಯಗಲದ ಪರದೆಯಲ್ಲಿ ಪೂರ್ತಿ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದರು. ‘ಅಲ್ವೋ, ಇಬ್ಬರೂ ಕೈ ಕೈ ಹಿಡಿದು ಓಡಿ ರೈಲು ನೋಡ್ತಾರೆ ಅಂತಿದ್ದೆಯಲ್ಲ? ಹುಡುಗಿ ನಡುವೆ ಎಡವಿ ಬಿದ್ದುಬಿಡ್ತಾಳೆ ಕಣೋ. ಹಳಿ ಹತ್ತಿರಕ್ಕೆ ಹೋಗೋದು ಹುಡುಗ ಒಬ್ಬನೇ. ನೀನು ಯಾವ ಸಿನಿಮಾ ನೋಡಿದ್ದೆ?’

ನಾನು ವಿಷಯವನ್ನು ಬಿಟ್‌ರೇಟಿಗೆ ತಿರುಗಿಸಿದೆ. ಬ್ಲೂ-ರೇ ಡಿಸ್ಕಿನಲ್ಲಿ ಚಿತ್ರಕ್ಕೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಕೊಡಬಹುದು, ಫೋನಿನಲ್ಲಿ ಹರಿದುಬರುವುದು ಅದರ ಒಂದು ಪಾಲು, ಮಂಜು, ಹೊಗೆ, ಮಳೆಯ ದೃಶ್ಯಗಳಲ್ಲಿ ಅದು ಕಲಸಿಹೋಗುತ್ತದೆ ಎಂದೆ. ಈ ಮಾತನ್ನು ತಪ್ಪಿಸಿಕೊಳ್ಳಲು ಹೇಳಿದ್ದಾದರೂ ನಿಜವೇ. ನೆಟ್ಟಿನಲ್ಲಿರುವ ಸಿನಿಮಾವನ್ನು ಇಟ್ಟವರು ಯಾವತ್ತು ಬೇಕಾದರೂ ತೆಗೆಯಬಹುದು, ಕಪಾಟಿನಲ್ಲಿರುವ ಡಿಸ್ಕನ್ನು ಯಾರೂ ತೆಗೆಯುವುದಿಲ್ಲ. ನಾನೂ ತೆಗೆಯುವುದಿಲ್ಲ, ಅದು ಬೇರೆ. ನನ್ನ ಸಿಟ್ಟು ಡಿಸ್ಕಿನ ಮೇಲಲ್ಲ. 0.15 ಮೈಕ್ರಾನಿನ ಕುಳಿಯನ್ನು ಓಡುವ ತಟ್ಟೆಯ ಮೇಲೆ ತಪ್ಪದೆ ಓದಬಲ್ಲ ಬುದ್ಧಿಯನ್ನೇ ಓದಗೊಡದಿರಲೂ ಅಷ್ಟೇ ಶ್ರದ್ಧೆಯಿಂದ ದುಡಿಸಿದ್ದಾರಲ್ಲ, ಅದರ ಮೇಲೆ. ಹಾಗೆ ಬೀಗ ಜಡಿದದ್ದರಿಂದ ಕಳ್ಳನಿಗೇನೂ ತೊಂದರೆಯಾಗಲಿಲ್ಲ. ಕಾಸು ಕೊಟ್ಟವನು ನಾನು, ಹೊರಗೆ ನಿಂತವನೂ ನಾನೇ.

2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇಗೆ ವಲಯಗಳೇ ಇಲ್ಲ, 100 ಜಿಬಿವರೆಗೂ ಹಿಡಿಸುತ್ತದೆ. ಆದರೆ ನನ್ನ ಪ್ಲೇಯರ್ ಅದನ್ನು ಓದುವುದಿಲ್ಲ, ಇನ್ನೊಂದು ಕೊಳ್ಳುವ ಮಾತನ್ನು ಮನೆಯಲ್ಲಿ ಎತ್ತುವ ಧೈರ್ಯವೂ ನನಗಿಲ್ಲ. ಅಂಗಡಿಗಳಲ್ಲೂ ಪ್ಲೇಯರುಗಳು ಅಪರೂಪವಾಗುತ್ತಿವೆ. ಸ್ಯಾಮ್‌ಸಂಗ್ 2019ರಲ್ಲೇ ಹೊಸ ಪ್ಲೇಯರ್ ತರುವುದನ್ನು ಬಿಟ್ಟಿತು, 2025ರ ಫೆಬ್ರುವರಿಯಲ್ಲಿ ಸೋನಿ ಬರೆಯುವ ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆ ನಿಲ್ಲಿಸಿತು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಅಮೆರಿಕದಿಂದ ಮರಳುವಾಗ ತಂದ ಎ ವಲಯದ ಪ್ಲೇಯರ್ ನಿಮ್ಮ ಅಟ್ಟದ ಮೇಲೆ ಸುಮ್ಮನೆ ಬಿದ್ದಿದ್ದರೆ ಒಂದು ಸಂಜೆಯ ಮಟ್ಟಿಗೆ ಎರವಲು ಕೊಡಿ. ಡಿಸ್ಕ್ ನನ್ನದು, ಟಿವಿ ನನ್ನದು, ಟ್ರಾನ್ಸ್‌ಫಾರ್ಮರ್ ಕೂಡ ನನ್ನದೇ. ಉಪನ್ಯಾಸ ಇರುವುದಿಲ್ಲ.